ಸುಮ್ನೆ ಬಿಟ್ಟ ದುಡ್ಡಿನ ಚರಿತ್ರೆ

ಜಯನಗರ, ಬನಶಂಕರಿ ಕಡೆ ಹಳೇ ಮನೆಗಳಲ್ಲಿ ಕಬ್ಬಿಣದ ಬೀರು ತೆಗೆದ್ರೆ ಆ ಮನೆಯ ಹಣಕಾಸಿನ ಚರಿತ್ರೆ ಪದರ ಪದರವಾಗಿ ಸಿಗತ್ತೆ. ತಳದಲ್ಲಿ ಅಂಚೆ ಕಚೇರಿ ಪಾಸ್‌ಬುಕ್ಕು, ಅದರ ಮೇಲೆ ಎಲ್‌ಐಸಿ ಪಾಲಿಸಿ, ಸಹಕಾರಿ ಬ್ಯಾಂಕಿನ ಎಫ್‌ಡಿ ರಸೀದಿ, ಯುಎಸ್-64 ಅಂತ ಬರೆದಿರೋ ಹಳದಿ ತಿರುಗಿದ ಒಂದು ಕಾಗದ. ಈಗಿನ ಪದರ ಬೀರುನಲ್ಲಿಲ್ಲ, ಫೋನಲ್ಲಿದೆ. ತಿಂಗಳು ತಿಂಗಳು ನಿಫ್ಟಿ ಇಂಡೆಕ್ಸ್ ಫಂಡಿಗೆ ಹೋಗೋ ಎಸ್‌ಐಪಿ.

ಇಂಡೆಕ್ಸ್ ಫಂಡ್ ಬಗ್ಗೆ ಎಲ್ಲರೂ ಹೇಳೋದು ಒಂದೇ ಮಾತು. ಖರ್ಚು ಕಮ್ಮಿ, ಯಾವ ಷೇರು ತಗೋಬೇಕು ಅನ್ನೋ ತಲೆನೋವಿಲ್ಲ, ಹಾಕಿ ಮರೆತುಬಿಡಿ. ಖರ್ಚು ಕಮ್ಮಿ ಅನ್ನೋದು ನಿಜ. ‘ಮರೆತುಬಿಡಿ’ ಅನ್ನೋದ್ರ ಹತ್ರ ಸ್ವಲ್ಪ ನಿಂತು ಯೋಚನೆ ಮಾಡ್ಬೇಕು. ಯಾಕಂದ್ರೆ ನಾವು ಮರೆತ್ರೂ ಆ ದುಡ್ಡಿನ ಪರವಾಗಿ ಯಾರೋ ಆಯ್ಕೆ ಮಾಡ್ತಾನೇ ಇರ್ತಾರೆ. ಆಗ ಅಪಾಯ ನಮ್ಮ ಕಣ್ಣಿಗೆ ಬೀಳದ ಕಡೆ ಸರಿದು ಕೂರತ್ತೆ. ನಮ್ಮೂರಿನ ಮನೆಗಳು ಇದನ್ನ ಹಿಂದೇನೂ ಒಂದ್ಸಲ ನೋಡಿವೆ.

ಆ ಹಳದಿ ಕಾಗದದಿಂದಲೇ ಶುರು ಮಾಡೋಣ. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ತಂದ ಯೋಜನೆ ಯುಎಸ್-64. ಸರ್ಕಾರದ್ದೇ ಸಂಸ್ಥೆ, ವರ್ಷಕ್ಕೊಂದ್ಸಲ ಡಿವಿಡೆಂಡ್ ಬರ್ತಿತ್ತು, ಬೇಕಾದಾಗ ವಾಪಸ್ ಕೊಡಬಹುದಾಗಿತ್ತು. ನಿವೃತ್ತಿಯಾದ ಮೇಷ್ಟ್ರುಗಳು, ಕಾರ್ಖಾನೆ ನೌಕರರು ಇದನ್ನ ಹೆಚ್ಚುಕಮ್ಮಿ ಎಫ್‌ಡಿ ಥರಾನೇ ನೋಡ್ತಿದ್ರು. ಆದ್ರೆ ಒಳಗೆ ಷೇರುಗಳಿದ್ವು. ಯೂನಿಟ್ಟಿನ ಬೆಲೆಯನ್ನ ಸಂಸ್ಥೆಯೇ ಘೋಷಣೆ ಮಾಡ್ತಿತ್ತು, ಒಳಗಿನ ಷೇರುಗಳ ನಿಜವಾದ ಬೆಲೆಗೂ ಅದಕ್ಕೂ ತಾಳೆ ಇರಲಿಲ್ಲ. 1998ರಲ್ಲಿ ಒಂದ್ಸಲ ನಡುಗಿತು. 2001ರ ಜುಲೈ 2ಕ್ಕೆ ಆರು ತಿಂಗಳು ಮಾರಾಟವೂ ಇಲ್ಲ, ವಾಪಸ್ಸೂ ಇಲ್ಲ ಅಂತ ಬಾಗಿಲು ಹಾಕಿದ್ರು. ದೇಶದಲ್ಲಿ ಸುಮಾರು 2 ಕೋಟಿ ಜನ ಅದರಲ್ಲಿ ದುಡ್ಡಿಟ್ಟಿದ್ರು. ಆಮೇಲೆ ಸಣ್ಣ ಹೂಡಿಕೆದಾರರಿಗೆ 3,000 ಯೂನಿಟ್ ತನಕ ವಾಪಸ್ ಕೊಡೋಕೆ ದಾರಿ ಮಾಡಿದ್ರು. 2003ರಲ್ಲಿ ಸಂಸ್ಥೆಯನ್ನೇ ಎರಡು ಭಾಗ ಮಾಡಿದ್ರು.

ಇಂಡೆಕ್ಸ್ ಫಂಡಲ್ಲಿ ಆ ಥರ ಮುಚ್ಚುಮರೆ ಇಲ್ಲ. ದಿನಾ ಸಂಜೆ ನಿಜವಾದ ಬೆಲೆ ಪ್ರಕಟ ಆಗತ್ತೆ, ಯಾವ್ಯಾವ ಷೇರು ಎಷ್ಟೆಷ್ಟಿದೆ ಅಂತ ಯಾರು ಬೇಕಾದ್ರೂ ನೋಡಬಹುದು. ಯುಎಸ್-64ರಲ್ಲಿ ನೋಡಬೇಕು ಅಂದ್ರೂ ಕಾಣ್ತಿರಲಿಲ್ಲ. ಈಗ ಎಲ್ಲಾ ಕಾಣತ್ತೆ, ನೋಡೋ ಅಭ್ಯಾಸ ಹೋಗಿದೆ. ಮನೆ ಮಟ್ಟಿಗೆ ಎರಡರ ಫಲಾನೂ ಒಂದೇ: ನಮ್ಮ ದುಡ್ಡು ಏನಾಗಿ ಕೂತಿದೆ ಅಂತ ನಮಗೇ ಗೊತ್ತಿರಲ್ಲ.

ಈ ಫಂಡು ಹುಟ್ಟಿದ್ದು ಅಮೆರಿಕದಲ್ಲಿ. ವ್ಯಾನ್‌ಗಾರ್ಡ್ ಸಂಸ್ಥೆಯ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನಕ್ಕೆ ಅಂತ ಶುರು ಮಾಡಿದಾಗ 15 ಕೋಟಿ ಡಾಲರ್ ಬರಬಹುದು ಅಂತ ಕಾದಿದ್ರು, ಬಂದಿದ್ದು 1.13 ಕೋಟಿ. ‘ಬೋಗಲ್‌ನ ಹುಚ್ಚಾಟ’ ಅಂತ ನಕ್ಕರು. ನಮ್ಮಲ್ಲಿ 1996ರಲ್ಲಿ ನಿಫ್ಟಿ ಸೂಚ್ಯಂಕ ಬಂತು. ಅದಾದ ಮೇಲೆ ಮೊದಲ ಇಂಡೆಕ್ಸ್ ಫಂಡುಗಳು, 2001ರ ಕೊನೆಗೆ ಬೆಂಚ್‌ಮಾರ್ಕ್ ಸಂಸ್ಥೆಯ ನಿಫ್ಟಿ ಬೀಸ್ ಅನ್ನೋ ಮೊದಲ ಇಟಿಎಫ್. ಆಗ ನಮ್ಮೂರ ಜೆ.ಸಿ. ರಸ್ತೆಯಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಇನ್ನೂ ಇತ್ತು. 1963ರಲ್ಲಿ ಶುರುವಾದ ಅದು 2014ರ ಡಿಸೆಂಬರ್‌ನಲ್ಲಿ ಕಣ್ಮುಚ್ಚಿತು. ಷೇರಿನ ಪೇಟೆ ಊರು ಬಿಟ್ಟು ಹೋದ ಹೊತ್ತಿಗೇ ಷೇರು ನಮ್ಮ ಮನೆಗಳ ಒಳಗೆ ಬಂದು ಕೂತಿತ್ತು.

ಈಗ ಆ ಪಟ್ಟಿ ಹೇಗೆ ಆಗತ್ತೆ ಅಂತ ನೋಡೋಣ. ನಿಫ್ಟಿಯಲ್ಲಿ 50 ಕಂಪನಿ. ಇಷ್ಟು ದೊಡ್ಡದಿರಬೇಕು, ಇಷ್ಟು ಸಲೀಸಾಗಿ ಕೊಂಡು ಮಾರುವಂತಿರಬೇಕು ಅಂತ ನಿಯಮ ಇದೆ. ಒಂದು ಸಮಿತಿ ವರ್ಷಕ್ಕೆ ಎರಡು ಸಲ ಕೂತು ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಮಾಡತ್ತೆ. ಕಂಪನಿ ಒಳ್ಳೇದಾ, ಲೆಕ್ಕ ಸರಿಯಿದೆಯಾ, ಬೆಲೆ ನ್ಯಾಯವಾಗಿದೆಯಾ ಅನ್ನೋದು ಆ ನಿಯಮದಲ್ಲಿಲ್ಲ. ಯಾವ ಕಂಪನಿಯ ಪೇಟೆ ಬೆಲೆ ಏರಿರತ್ತೋ ಅದರ ಪಾಲೂ ಏರಿರತ್ತೆ, ನಮ್ಮ ಮುಂದಿನ ತಿಂಗಳ ಕಂತಿನಿಂದ ಅದಕ್ಕೇ ಹೆಚ್ಚು ಹೋಗತ್ತೆ. ಗಾಂಧಿ ಬಜಾರಿಗೆ ಹೋಗಿ ‘ಇವತ್ತು ಯಾವ ತರಕಾರಿ ರಾಶಿಗೆ ಜಾಸ್ತಿ ಬೆಲೆ ಕಟ್ಟಿದಾರೋ ಅದನ್ನೇ ಜಾಸ್ತಿ ಹಾಕಿ’ ಅಂದ ಹಾಗೆ. ಎಷ್ಟೋ ದಿನ ಅದು ಸರಿಯಾಗೇ ಇರತ್ತೆ, ಒಳ್ಳೇ ಮಾಲಿಗೇ ಬೆಲೆ ಇರತ್ತೆ ಅಲ್ವಾ. ಕೆಲವು ದಿನ ಮಾತ್ರ ರಾಶಿಯ ಒಳಗೆ ಕೊಳೆತಿರತ್ತೆ.

ಸತ್ಯಂ ಹಾಗಾಯ್ತು. 2009ರ ಜನವರಿ 7ಕ್ಕೆ ರಾಮಲಿಂಗ ರಾಜು ತಾವೇ ಪತ್ರ ಬರೆದು ಲೆಕ್ಕ ಸುಳ್ಳು ಅಂತ ಒಪ್ಪಿಕೊಂಡ್ರು. ಆ ದಿನದ ತನಕ ಸತ್ಯಂ ನಿಫ್ಟಿಯಲ್ಲೂ ಇತ್ತು, ಸೆನ್ಸೆಕ್ಸ್‌ನಲ್ಲೂ ಇತ್ತು. ಷೇರು ಒಂದೇ ದಿನಕ್ಕೆ ಮುಕ್ಕಾಲು ಪಾಲು ಬಿದ್ದ ಮೇಲೆ, ಜನವರಿ 12ಕ್ಕೆ ನಿಫ್ಟಿಯಿಂದ ತೆಗೆದ್ರು. ಅದರ ಜಾಗಕ್ಕೆ ಬಂದಿದ್ದು ರಿಲಯನ್ಸ್ ಕ್ಯಾಪಿಟಲ್. ಮುಂದೆ ಅದೂ ಪಟ್ಟಿಯಿಂದ ಹೊರಗೆ ಹೋಯ್ತು, 2021ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು.

ಯೆಸ್ ಬ್ಯಾಂಕಿನ ಕಥೆ ಇನ್ನೂ ವಿಚಿತ್ರ. 2015ರಲ್ಲಿ ನಿಫ್ಟಿಗೆ ಬಂತು. 2018ರ ಆಗಸ್ಟ್‌ನಲ್ಲಿ ಷೇರು 400 ರೂಪಾಯಿ ಆಸುಪಾಸಿನಲ್ಲಿತ್ತು. ಅಲ್ಲಿಂದ ಇಳೀತಾ ಹೋದ ಉದ್ದಕ್ಕೂ ಇಂಡೆಕ್ಸ್ ಫಂಡುಗಳು ಅದನ್ನ ಹಿಡ್ಕೊಂಡೇ ಇದ್ವು, ಬಿಡೋ ಹಾಗೇ ಇರಲಿಲ್ಲ. 2020ರ ಮಾರ್ಚ್ 5ಕ್ಕೆ ರಿಸರ್ವ್ ಬ್ಯಾಂಕು ಠೇವಣಿದಾರರು 50,000ಕ್ಕಿಂತ ಹೆಚ್ಚು ತೆಗೆಯೋ ಹಾಗಿಲ್ಲ ಅಂತ ತಡೆ ಹಾಕಿತು. ಮಾರನೇ ದಿನ ಷೇರು ಅರ್ಧಕ್ಕಿಂತ ಹೆಚ್ಚು ಬಿತ್ತು. ಆಮೇಲೆ ಬ್ಯಾಂಕನ್ನ ಉಳಿಸೋ ಯೋಜನೆ ಬಂತಲ್ಲ, ಅದರಲ್ಲೊಂದು ಷರತ್ತು: 100ಕ್ಕಿಂತ ಹೆಚ್ಚು ಷೇರು ಇರೋರು ಅದರಲ್ಲಿ 75%ನ್ನ ಮೂರು ವರ್ಷ ಮಾರೋ ಹಾಗಿಲ್ಲ. ಮಾರ್ಚ್ 19ಕ್ಕೆ ನಿಫ್ಟಿಯಿಂದ ಯೆಸ್ ಬ್ಯಾಂಕು ಹೊರಗೆ ಬಿತ್ತು. ಪಟ್ಟಿಯನ್ನ ಹಾಗೇ ನಕಲು ಮಾಡ್ತೀವಿ ಅಂದಿದ್ದ ಫಂಡುಗಳ ಕೈಯಲ್ಲಿ ಪಟ್ಟಿಯಲ್ಲೇ ಇಲ್ಲದ ಷೇರು 2023ರ ಮಾರ್ಚ್ ತನಕ ಉಳ್ಕೊಳ್ತು. ನಿಜ ಹೇಳ್ಬೇಕು ಅಂದ್ರೆ ಅಷ್ಟೊತ್ತಿಗೆ ಫಂಡಿನಲ್ಲಿ ಅದರ ಪಾಲು ತೀರಾ ಸಣ್ಣದಾಗಿತ್ತು, ಯಾರ ಮನೆಯೂ ಅದರಿಂದ ಮುಳುಗಲಿಲ್ಲ. ಆದ್ರೆ ‘ಕೆಟ್ಟ ಕಂಪನಿ ತಾನಾಗೇ ಹೊರಗೆ ಹೋಗತ್ತೆ’ ಅಂತಾರಲ್ಲ, ಆ ಮಾತಿನ ಅರ್ಥ ಇಲ್ಲಿ ಗೊತ್ತಾಗತ್ತೆ. ಹೊರಗೆ ಹೋಗತ್ತೆ, ಹೌದು. ನಮ್ಮ ದುಡ್ಡು ಹೋದ ಮೇಲೆ ಹೋಗತ್ತೆ.

ಒಳಗೆ ಬರೋದೂ ಹಾಗೇ, ತಡ. ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ಮಾರಿದಾಗ ಪೂರ್ತಿ ಕೊಳ್ಳೋರೇ ಸಿಕ್ಕಿರಲಿಲ್ಲ. ಪಟ್ಟಿಗೆ ಸೇರೋಷ್ಟು ದೊಡ್ಡದಾಗೋಕೆ ವರ್ಷಗಳೇ ಹಿಡಿದ್ವು. ಇಂಡೆಕ್ಸ್‌ನ ನಂಬಿದೋರಿಗೆ ಬೆಳೆದ ಮರ ಸಿಗತ್ತೆ, ಸಸಿ ಸಿಗಲ್ಲ. ಇನ್ನೊಂದು ತೊಂದರೆ, ಈ ಫಂಡುಗಳು ಯಾವತ್ತು ಏನು ಮಾರ್ತಾವೆ ಅಂತ ಪೇಟೆಗೆಲ್ಲಾ ಮೊದಲೇ ಗೊತ್ತಿರತ್ತೆ. 2023ರ ಆಗಸ್ಟ್ 21ಕ್ಕೆ ಜಿಯೋ ಫೈನಾನ್ಷಿಯಲ್ ಷೇರು ಪೇಟೆಗೆ ಬಂದಾಗ ಇಂಡೆಕ್ಸ್ ಫಂಡುಗಳು ಅದನ್ನ ಮಾರಲೇಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ದಿನಾ 5% ಬಿದ್ದು ವ್ಯವಹಾರ ಕಟ್ಟಿಕೊಳ್ತಿತ್ತು, ಪಟ್ಟಿಯಿಂದ ತೆಗೆಯೋ ದಿನವನ್ನೇ ಮುಂದೂಡಬೇಕಾಯ್ತು. ಊರಿಗೆಲ್ಲಾ ಹೇಳಿ ಮನೆ ಮಾರೋಕೆ ಹೊರಟೋನಿಗೆ ಒಳ್ಳೇ ಬೆಲೆ ಎಲ್ಲಿ ಸಿಗತ್ತೆ?

‘ನಮಗೆ ಇದ್ಯಾವುದೂ ಬೇಡ, ನಾವು ಷೇರಿನ ಸಹವಾಸಕ್ಕೇ ಹೋಗಿಲ್ಲ’ ಅನ್ನೋ ಮನೆಗಳೂ ಇವೆ. ಮನೇಲಿ ಯಾರಿಗಾದ್ರೂ ಪಿಎಫ್ ಹಿಡೀತಾರಾ? ಹಾಗಿದ್ರೆ ಹೋಗಿದ್ದೀರಿ. 2015ರ ಆಗಸ್ಟ್‌ನಿಂದ ಇಪಿಎಫ್‌ಒ ಹೊಸದಾಗಿ ಬರೋ ದುಡ್ಡಿನ 5%ನ್ನ ನಿಫ್ಟಿ, ಸೆನ್ಸೆಕ್ಸ್ ಇಟಿಎಫ್‌ಗಳಿಗೆ ಹಾಕೋಕೆ ಶುರು ಮಾಡಿತು. 2016ರಲ್ಲಿ ಅದು 10% ಆಯ್ತು, 2017ರಲ್ಲಿ 15%. ಪಾಸ್‌ಬುಕ್ಕಲ್ಲಿ ಇದು ಕಾಣಲ್ಲ, ಅಲ್ಲಿ ಕಾಣೋದು ಕಟ್ಟಿದ ದುಡ್ಡು ಮತ್ತೆ ಬಡ್ಡಿ ಮಾತ್ರ.

ಅದು ಕಂಡಿದ್ದು 2020ರಲ್ಲಿ. ಆ ವರ್ಷದ ಶುರುವನ್ನ ದಕ್ಷಿಣ ಬೆಂಗಳೂರಿನ ಮನೆಗಳು ಅಷ್ಟು ಸುಲಭವಾಗಿ ಮರೆಯಲ್ಲ. ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿತು, ತೆಗೆಯೋಕಾಗ್ತಿದ್ದದ್ದು 35,000 ರೂಪಾಯಿ ಮಾತ್ರ. ಮಾರ್ಚ್ ಮೊದಲ ವಾರ ಯೆಸ್ ಬ್ಯಾಂಕು. ಅದೇ ವಾರ ಪಿಎಫ್‌ಗೆ 8.5% ಬಡ್ಡಿ ಅಂತ ಘೋಷಣೆ ಆಯ್ತು. ಮಾರ್ಚ್ 23ಕ್ಕೆ ನಿಫ್ಟಿ ಒಂದೇ ದಿನ 13% ಬಿದ್ದು 7,610ಕ್ಕೆ ನಿಂತಿತು, ಜನವರಿಯಲ್ಲಿ 12,000ದ ಮೇಲಿದ್ದದ್ದು. ಸೆಪ್ಟೆಂಬರ್‌ನಲ್ಲಿ ಇಪಿಎಫ್‌ಒ ಏನು ಹೇಳಿತು ಅಂದ್ರೆ, ಈಗ 8.15% ಕೊಡ್ತೀವಿ, ಉಳಿದ 0.35% ಇಟಿಎಫ್ ಮಾರಿದ ಮೇಲೆ ಡಿಸೆಂಬರ್ ಹೊತ್ತಿಗೆ. ಪೇಟೆ ಚೇತರಿಸಿಕೊಳ್ತು, ಕೊನೆಗೆ ಪೂರ್ತಿ ಬಡ್ಡಿ ಬಂತು. ಆದ್ರೆ 2019–20ರ ಬಡ್ಡಿ ಖಾತೆಗೆ ಬೀಳೋ ಹೊತ್ತಿಗೆ 2021ರ ಹೊಸ ವರ್ಷದ ಬಾಗಿಲಲ್ಲಿದ್ವಿ. ಕೆಲಸ ಹೋದೋರು, ಸಂಬಳ ಕತ್ತರಿಸಿಕೊಂಡೋರು ಪಿಎಫ್ ಕಡೆ ನೋಡ್ತಿದ್ದ ವರ್ಷ ಅದು.

ಪೇಟೆ ಬಿದ್ದಾಗ ಮಾರದೇ ಕೂತ್ರೆ ಆಯ್ತು ಅಂತಾರೆ. ಕೂರೋಕೆ ಆಗಬೇಕಲ್ಲ! ಪೇಟೆ ಬೀಳೋ ಕಾಲಾನೂ ಮನೇಲಿ ದುಡ್ಡು ಬೇಕಾಗೋ ಕಾಲಾನೂ ಎಷ್ಟೋ ಸಲ ಒಂದೇ ಆಗಿರತ್ತೆ. ಅದರಲ್ಲೂ ನಮ್ಮ ಕಡೆ. ಬಿಟಿಎಂ ಲೇಔಟಿನ ಒಂದು ಮನೆ ಅಂದ್ಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಐಟಿ ಕೆಲಸ, ಮೇಲಿನ ಮಹಡಿ ಬಾಡಿಗೆಗಿರೋರೂ ಐಟಿ ಹುಡುಗ್ರೇ. ಉಳಿತಾಯ ಎಲ್ಲಾ ನಿಫ್ಟಿ ಫಂಡಲ್ಲಿ. ಐವತ್ತು ಕಂಪನಿಗೆ ಹಂಚಿದೆ ಅನ್ನೋ ಸಮಾಧಾನ. ಆದ್ರೆ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಮೊದಲ ಹತ್ತು ಕಂಪನಿಗಳದ್ದು, ಆ ಹತ್ತರಲ್ಲಿ ಬ್ಯಾಂಕುಗಳು ಮುಂದೆ, ಪಟ್ಟಿಯಲ್ಲಿ ಇನ್ಫೋಸಿಸ್, ಟಿಸಿಎಸ್ ಕೂಡ ಇವೆ. 2013ರ ಏಪ್ರಿಲ್ 12ಕ್ಕೆ ಇನ್ಫೋಸಿಸ್ ಷೇರು ಒಂದೇ ದಿನ 21% ಬಿದ್ದಿತ್ತು. ಐಟಿಗೆ ನೆಗಡಿ ಬಂದ್ರೆ ಈ ಮನೆಯ ಸಂಬಳ, ಬಾಡಿಗೆ, ಉಳಿತಾಯ ಮೂರೂ ಒಟ್ಟಿಗೆ ಸೀನತ್ತೆ. ಮುಂಬೈಯಲ್ಲೋ ದೆಹಲಿಯಲ್ಲೋ ಬಟ್ಟೆ ವ್ಯಾಪಾರ ಮಾಡೋ ಮನೆಗೆ ಇದೇ ಫಂಡು ನಿಜವಾಗ್ಲೂ ಹಂಚಿಕೆ. ನಮಗೆ ಅಷ್ಟಿಲ್ಲ.

ಇನ್ನು ಆ ಮೇಲಕ್ಕೇ ಹೋಗೋ ಗೆರೆ. ಸೆನ್ಸೆಕ್ಸ್ 1979ರಲ್ಲಿ 100 ಇತ್ತು, ಈಗ ನೋಡಿ ಅಂತ ತೋರಿಸ್ತಾರೆ. ನಡುವೆ ಏನಾಯ್ತು ಅಂತಲೂ ನೋಡ್ಬೇಕು. ಹರ್ಷದ್ ಮೆಹ್ತಾ ಕಾಲದಲ್ಲಿ, 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,400 ದಾಟಿತ್ತು. 2003ರ ಏಪ್ರಿಲ್‌ನಲ್ಲಿ 3,000ದ ಆಸುಪಾಸು. ಹನ್ನೊಂದು ವರ್ಷ ಕಾದು, ಡಿವಿಡೆಂಡ್ ಬಿಟ್ರೆ, ಹಾಕಿದ್ದಕ್ಕಿಂತ ಕಮ್ಮಿ. ಜಪಾನಿನ ನಿಕ್ಕೈ 1989ರ ಕೊನೆಯ ಎತ್ತರವನ್ನ ಮತ್ತೆ ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲದೆ, 1986ರ ಮೊದಲ ಸೆನ್ಸೆಕ್ಸ್ ಪಟ್ಟಿಯಲ್ಲಿ ಅಂಬಾಸಿಡರ್ ಮಾಡೋ ಹಿಂದೂಸ್ತಾನ್ ಮೋಟಾರ್ಸ್, ಪದ್ಮಿನಿ ಮಾಡೋ ಪ್ರೀಮಿಯರ್ ಆಟೋಮೊಬೈಲ್ಸ್ ಇದ್ವು. ಜಯನಗರದ ಬೀದಿಗಳಿಂದ ಆ ಕಾರುಗಳು ಹೇಗೆ ಮಾಯ ಆದ್ವೋ, ಪಟ್ಟಿಯಿಂದ ಆ ಹೆಸರುಗಳೂ ಹಾಗೇ ಮಾಯ ಆದ್ವು. ಗೆರೆ ಮಾತ್ರ ಏನೂ ಆಗದ ಹಾಗೆ ಮುಂದೆ ಹೋಗ್ತಿದೆ.

ಇಷ್ಟೆಲ್ಲಾ ಹೇಳಿದ್ದು ಇಂಡೆಕ್ಸ್ ಫಂಡ್ ಬೇಡ ಅನ್ನೋಕಲ್ಲ. ದುಬಾರಿ ಕಮಿಷನ್ ತಗೊಂಡು ಇದಕ್ಕಿಂತ ಕಮ್ಮಿ ಗಳಿಸಿಕೊಟ್ಟ ಫಂಡುಗಳಿಗೆ ಲೆಕ್ಕವಿಲ್ಲ. ಬೋಗಲ್ ಕೂಡ ತಮ್ಮ ಕೂಸನ್ನ ಯಾವತ್ತೂ ಬಿಟ್ಟುಕೊಡಲಿಲ್ಲ. ಆದ್ರೆ ಸಾಯೋಕೆ ಕೆಲವೇ ವಾರ ಮುಂಚೆ, 2018ರ ಕೊನೆಯಲ್ಲಿ, ಅವರೇ ಎಚ್ಚರಿಕೆ ಬರೆದ್ರು: ದೇಶದ ದೊಡ್ಡ ಕಂಪನಿಗಳೆಲ್ಲಾ ಎರಡು ಮೂರು ಇಂಡೆಕ್ಸ್ ಸಂಸ್ಥೆಗಳ ಹಿಡಿತಕ್ಕೆ ಹೋದ್ರೆ ಅದು ದೇಶಕ್ಕೆ ಒಳ್ಳೇದಲ್ಲ ಅಂತ. ಮಾಡಿದೋರೇ ಮರೆಯದೆ ನೋಡ್ತಿದ್ರು ಅಂದ್ಮೇಲೆ ನಾವು ಯಾಕೆ ಮರೀಬೇಕು?

ದುಡ್ಡನ್ನ ಮರೆಯದೆ ಇರೋದು ಹೇಗೆ ಅಂತ ತೋರಿಸಿದ ಇನ್ನೊಂದು ಘಟನೆ ನಮ್ಮ ಪಕ್ಕದಲ್ಲೇ ಆಗಿದೆ. 2016ರ ಏಪ್ರಿಲ್ 18, 19ಕ್ಕೆ ಬಿಟಿಎಂ ಲೇಔಟಿಗೆ ಹತ್ತಿರದ ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಬೀದಿಗಿಳಿದ್ರು. ಪಿಎಫ್‌ನಲ್ಲಿ ಮಾಲೀಕರು ಕಟ್ಟೋ ಪಾಲನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಫೆಬ್ರವರಿಯಲ್ಲಿ ನಿಯಮ ಬಂದಿತ್ತು. ಕೇಂದ್ರ ಸರ್ಕಾರ ಎರಡನೇ ದಿನಕ್ಕೇ ಆ ನಿಯಮ ವಾಪಸ್ ತಗೊಳ್ತು. ಅವರ ಹೋರಾಟ ಷೇರು ಪೇಟೆ ಬಗ್ಗೆ ಆಗಿರಲಿಲ್ಲ, ಆದ್ರೆ ಅವರು ಕೇಳಿದ ಪ್ರಶ್ನೆ ಎಲ್ಲಾ ಉಳಿತಾಯಕ್ಕೂ ಸಲ್ಲತ್ತೆ: ನನ್ನ ದುಡ್ಡು ನನಗೆ ಬೇಕಾದಾಗ ಸಿಗತ್ತಾ?

ಐದು ವರ್ಷದೊಳಗೆ ಬೇಕಾಗೋ ದುಡ್ಡು, ಮಗಳ ಕಾಲೇಜು ಫೀಸು, ಅಪ್ಪನ ಆಪರೇಷನ್ನು, ಮನೆ ಸಾಲದ ಕಂತು, ಈ ಪ್ರಶ್ನೆಗೆ ಇಂಡೆಕ್ಸ್ ಫಂಡ್ ‘ಹೌದು’ ಅಂತ ಹೇಳಲಾರದು. ಅದನ್ನ ಬೇರೆ ಕಡೆ ಇಡಬೇಕು, ಸಹಕಾರಿ ಬ್ಯಾಂಕಾದ್ರೆ 5 ಲಕ್ಷದ ಠೇವಣಿ ವಿಮೆಯ ಮಿತಿ ನೋಡಿಕೊಂಡು. ಮಿಕ್ಕಿದ್ದು ಫಂಡಲ್ಲಿ ಇರಲಿ. ವರ್ಷಕ್ಕೆ ಒಂದ್ಸಲ, ಯುಗಾದಿಗೋ ದೀಪಾವಳಿಗೋ, ಆ ಐವತ್ತು ಹೆಸರು ತೆಗೆದು ಓದಿ. ಯಾರು ಬಂದ್ರು, ಯಾರು ಹೋದ್ರು, ನಮ್ಮ ಸಂಬಳ ಕೊಡೋರು ಅದರಲ್ಲಿ ಎಷ್ಟಿದಾರೆ ಅಂತ ನೋಡಿ. ಹತ್ತು ನಿಮಿಷದ ಕೆಲಸ. ಯುಎಸ್-64 ಇಟ್ಟುಕೊಂಡಿದ್ದ ತಲೆಮಾರಿಗೆ ಆ ಹತ್ತು ನಿಮಿಷ ಕೂತು ನೋಡೋಣ ಅಂದ್ರೂ ನೋಡೋಕೆ ಏನೂ ಕೊಟ್ಟಿರಲಿಲ್ಲ.