ಸದಿಶ ಮೆಸಾನುಗಳ ಉತ್ಪಾದನೆ

ಪ್ರಬಲ ಅಂತಃಕ್ರಿಯೆಗೆ ಒಳಗಾಗುವ, ಗಿರಕಿ 1 ಆಗಿರುವ ಅಲ್ಪಾಯುಷಿ ಕಣಗಳನ್ನು ಉಚ್ಚಶಕ್ತಿಯ ಸಂಘಟ್ಟನೆಗಳಿಂದ ಪಡೆದು ಅವುಗಳ ಗುಣಧರ್ಮಗಳನ್ನು ಪರಿಶೀಲಿಸುವ ಭೌತವಿಜ್ಞಾನ ಪ್ರಕಾರ. ರೋ, ಒಮೆಗಾ, ಫೈ, ಜೆ/ಸೈ, ಉಪ್ಸಿಲಾನ್ ಇವು ಈ ವರ್ಗದ ಮುಖ್ಯ ಕಣಗಳು. ಒಂದೊಂದೂ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕುಗಳ ಸಂಯೋಗದಿಂದಾದುದು.

ಸಿದ್ಧಾಂತದ ಉದಯ: ಪರಮಾಣುಬೀಜದೊಳಗಿನ ಬಲವನ್ನು ವಹಿಸುವ ಮಧ್ಯಮ ದ್ರವ್ಯರಾಶಿಯ ಕಣವೊಂದಿರಬೇಕೆಂದು ಜಪಾನಿನ ಯುಕಾವಾ 1935ರಲ್ಲಿ ತರ್ಕಿಸಿದ ಮೇಲೆ, ದ್ರವ್ಯರಾಶಿಯುಳ್ಳ ಸದಿಶ ಕ್ಷೇತ್ರಕ್ಕೆ ಪ್ರೋಕಾ 1936ರಲ್ಲಿ ನೀಡಿದ ಸಮೀಕರಣಗಳನ್ನು ಆ ಕಣಕ್ಕೆ ಅನ್ವಯಿಸಿ, 1938ರಲ್ಲಿ ಸದಿಶ ಮೆಸಾನ್ ಸಿದ್ಧಾಂತವನ್ನು ರೂಪಿಸಿದವರಲ್ಲಿ ಹೋಮಿ ಭಾಭಾ ಒಬ್ಬರು. ರಜೆಯಲ್ಲಿ ಸ್ವದೇಶಕ್ಕೆ ಬಂದಿದ್ದಾಗ ದ್ವಿತೀಯ ಮಹಾಯುದ್ಧವು ಮೊದಲಾಗಿ ಕೇಂಬ್ರಿಜ್ಜಿಗೆ ಹಿಂದಿರುಗಲಾರದೆ ಹೋದ ಅವರು, ಸಿ. ವಿ. ರಾಮನ್ನರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಸದಿಶ ಮೆಸಾನುಗಳ ಚದರಿಕೆಯ ಪ್ರಮಾಣವು ಶಕ್ತಿಯೊಡನೆ ಮಿತಿಮೀರಿ ಬೆಳೆಯುವುದೆಂಬ ಸಿದ್ಧಾಂತದ ದೋಷವು ಅವರನ್ನು ಬಹುವಾಗಿ ಕಾಡಿದ ಪ್ರಶ್ನೆ. ವಿದ್ಯುದಾವಿಷ್ಟ ಮೆಸಾನುಗಳ ಚದರಿಕೆಯನ್ನು ಕುರಿತು 1941ರಲ್ಲಿ ಅವರೊಡನೆ ಪ್ರಬಂಧ ರಚಿಸಿದವರು ಬೆಂಗಳೂರಿನ ಗಣಿತಜ್ಞ ಬಿ. ಎಸ್. ಮಾಧವರಾಯರು.

ಪ್ರಯೋಗಗಳು: 1947ರಲ್ಲಿ ವಿಶ್ವಕಿರಣಗಳಲ್ಲಿ ಗೋಚರಿಸಿದ ಪೈ ಮೆಸಾನಿನ ಗಿರಕಿ ಸೊನ್ನೆಯೆಂದು ಮುಂದೆ ಸಿದ್ಧವಾದುದರಿಂದ ಸದಿಶ ಕಣದ ಕಲ್ಪನೆಯು ಕೆಲಕಾಲ ಹಿಂದೆ ಸರಿಯಿತಾದರೂ, ಪ್ರೋಟಾನಿನ ವಿದ್ಯುದ್ರಚನೆಯನ್ನು ವಿವರಿಸಲು ನಂಬು 1957ರಲ್ಲಿಯೂ, ಪ್ರಬಲ ಅಂತಃಕ್ರಿಯೆಯ ಸಿದ್ಧಾಂತಕ್ಕಾಗಿ ಸಕುರಾಯ್ 1960ರಲ್ಲಿಯೂ ಅದನ್ನೇ ಮತ್ತೆ ಆಶ್ರಯಿಸಿದರು. 1961ರಲ್ಲಿ ಅಮೆರಿಕದ ವೇಗೋತ್ಕರ್ಷಕಗಳಲ್ಲಿ ರೋ ಮತ್ತು ಒಮೆಗಾ ಎರಡೂ ದೊರೆತವು. ಸುಮಾರು 775 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ದ್ರವ್ಯರಾಶಿಯ ರೋ ಕಣವು ಹುಟ್ಟಿದಾಕ್ಷಣವೇ ಎರಡು ಪೈಗಳಾಗಿ ಒಡೆಯುವುದರಿಂದ, ಅದರ ಅಸ್ತಿತ್ವವನ್ನು ಆ ಪೈಗಳ ಶಕ್ತಿ ಸಂವೇಗಗಳಿಂದಲೇ ಗಣಿಸಬೇಕು. 1974ರ ನವೆಂಬರಿನಲ್ಲಿ ಟಿಂಗ್ ಮತ್ತು ರಿಕ್ಟರರ ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದ ಜೆ/ಸೈ ಕಣವು ಚಾರ್ಮ್ ಕ್ವಾರ್ಕನ್ನೂ, 1977ರಲ್ಲಿ ಫರ್ಮಿ ಪ್ರಯೋಗಾಲಯದಲ್ಲಿ ಕಂಡ ಉಪ್ಸಿಲಾನ್ ಬಾಟಮ್ ಕ್ವಾರ್ಕನ್ನೂ ಬೆಳಕಿಗೆ ತಂದವು.

ಫೋಟಾನಿನಿಂದ ಉತ್ಪಾದನೆ: ಫೋಟಾನಿನ ಗಿರಕಿಯೂ 1 ಆದುದರಿಂದ, ಉಚ್ಚಶಕ್ತಿಯ ಫೋಟಾನು ಅತ್ಯಲ್ಪಕಾಲ ಕ್ವಾರ್ಕ್ ಪ್ರತಿಕ್ವಾರ್ಕುಗಳ ಜೋಡಿಯಾಗಿ ಮಾರ್ಪಟ್ಟು, ಪ್ರೋಟಾನಿನೊಡನೆ ಪ್ರಬಲವಾಗಿ ವರ್ತಿಸಿ, ಸದಿಶ ಮೆಸಾನಾಗಿಯೇ ಹೊರಬೀಳಬಲ್ಲುದು. 1992ರಿಂದ 2007ರ ವರೆಗೆ ಹ್ಯಾಂಬರ್ಗಿನ ಹೇರಾ ಯಂತ್ರದಲ್ಲಿ ಎಲೆಕ್ಟ್ರಾನ್ ಪ್ರೋಟಾನುಗಳನ್ನು ಸಂಘಟ್ಟಿಸಿ, ಎಲೆಕ್ಟ್ರಾನು ಹೊಮ್ಮಿಸುವ ಫೋಟಾನಿನಿಂದ ನಡೆಯುವ ಈ ಕ್ರಿಯೆಯನ್ನು ಅಳೆದಾಗ, ರೋ ಉತ್ಪಾದನೆಯು ಶಕ್ತಿಯೊಡನೆ ಮಂದವಾಗಿಯೂ ಜೆ/ಸೈ ಉತ್ಪಾದನೆಯು ತೀವ್ರವಾಗಿಯೂ ಏರುವುದು ಕಂಡಿತು. ಪ್ರೋಟಾನಿನೊಳಗೆ ಕ್ವಾರ್ಕುಗಳನ್ನು ಬಂಧಿಸುವ ಗ್ಲುವಾನುಗಳು, ಅದರಲ್ಲೂ ಅಲ್ಪಾಂಶ ಸಂವೇಗದವು, ದಟ್ಟವಾಗಿವೆಯೆಂಬುದಕ್ಕೆ ಜೆ/ಸೈಯ ಈ ತೀವ್ರ ಏರಿಕೆಯೇ ಸಾಕ್ಷಿ. ಜಿನೀವಾದ ಬೃಹತ್ ಹೇಡ್ರಾನ್ ಸಂಘಟ್ಟಕದಲ್ಲಿ ಸೀಸದ ಪರಮಾಣುಬೀಜಗಳು ಪರಸ್ಪರ ತಾಗದೆ ಸಮೀಪದಲ್ಲಿ ಹಾದುಹೋಗುವಾಗಲೂ, ಒಂದು ಹೊಮ್ಮಿಸಿದ ಫೋಟಾನು ಇನ್ನೊಂದನ್ನು ತಾಗಿ, ಇದೇ ಕ್ರಿಯೆ ನಡೆಯುತ್ತದೆ.

ಬಲವಾಹಕವೆಂದು ಊಹಿಸಲಾದ ಕಣವು ಕಡೆಗೆ ಪ್ರೋಟಾನಿನ ಅಂತರಂಗವನ್ನು ಅರಿಯುವ ಸಾಧನವಾಯಿತು. ಬೆಂಗಳೂರಿನ ವಿದ್ವಾಂಸರು ಈ ಇತಿಹಾಸದ ಆರಂಭದಲ್ಲಿಯೇ ಪಾಲುಗಾರರಾಗಿದ್ದುದು ಕನ್ನಡನಾಡಿನ ವಿಜ್ಞಾನಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.