ಮಾರ್ಮೊಸೆಟ್ಟಿನ ಆಹಾರ

ಪೋರ್ಚುಗೀಸರ ಹಡಗುಗಳಲ್ಲಿ ಬ್ರೆಜಿಲಿನ ಅರಣ್ಯಗಳಿಂದ 16ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿಳಿದ, ಸುಮಾರು 300 ಗ್ರಾಮು ತೂಗುವ ಮಾರ್ಮೊಸೆಟ್ ಎಂಬ ಪುಟ್ಟ ಕಪಿಯು, ತನ್ನ ದೇಹಲಾಘವದಿಂದಲೂ ಕಿವಿಯ ಬಿಳಿಯ ಕುಚ್ಚುಗಳಿಂದಲೂ ಶ್ರೀಮಂತರ ಅಂತಃಪುರಗಳನ್ನು ಸೂರೆಗೊಂಡಿತಾದರೂ, ಆ ಸಾಕಣೆಯ ಇತಿಹಾಸವು ಬಹುಮಟ್ಟಿಗೆ ಅಕಾಲಮರಣಗಳ ಇತಿಹಾಸವೇ ಆಗಿದೆ. 1758ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು; ಅದರ ಉದರಧರ್ಮವನ್ನು ಅರಿಯುವುದಕ್ಕೆ ಮತ್ತೆರಡು ಶತಮಾನಗಳು ಹಿಡಿದವು. ಕಪಿಯೆಂದ ಮೇಲೆ ಹಣ್ಣು ಸಾಕೆಂಬುದು ಒಡೆಯರ ನಂಬಿಕೆ. 1934ರಲ್ಲಿ ರೋಗಗ್ರಸ್ತವಾಗಿ ಇಂಗ್ಲಿಷ್ ಲೇಖಕ ಲಿಯೊನಾರ್ಡ್ ವುಲ್ಫರ ಕೈಸೇರಿದ ಮಿಟ್ಸ್ ಎಂಬ ಮಾರ್ಮೊಸೆಟ್ 1938ರವರೆಗೆ ಬದುಕಿದ್ದು ಅವರ ಅಸಾಧಾರಣ ಶುಶ್ರೂಷೆಯ ಫಲವೆಂದೇ ನನ್ನ ಎಣಿಕೆ.

ಹೀಗೆ ಸಾಕಿದ ಕಪಿಗಳು ಮೂಳೆ ಮೆತ್ತಗಾಗಿ, ಕಾಲುಗಳು ಸೋತು ಪಂಜರದಲ್ಲಿಯೇ ಕುಸಿಯುವ ರೋಗಕ್ಕೆ ಪಾಲಕರು ಪಂಜರದ ಪಾರ್ಶ್ವವಾಯುವೆಂದು ಹೆಸರಿಟ್ಟಿದ್ದರು. ದಕ್ಷಿಣ ಅಮೆರಿಕದ ಕಪಿಗಳಿಗೆ ಡಿ2 ಜೀವಸತ್ವವು ಸಾಲದೆಂದೂ, ಬಿಸಿಲು ತಾಗಿದ ಚರ್ಮವು ತಾನೇ ಉತ್ಪಾದಿಸುವ ಡಿ3 ಬೇಕೆಂದೂ 1967ರ ಸಂಶೋಧನೆಯು ತೋರಿಸಿದಾಗ ಒಂದು ಗಂಟು ಸಡಿಲಿತು.

ಇನ್ನೊಂದು ಗಂಟು ಆಹಾರದ್ದು. ಕಾಡಿನ ಮಾರ್ಮೊಸೆಟ್ ಕೆಳದವಡೆಯ ಬಾಚಿಹಲ್ಲುಗಳಿಂದ ತೊಗಟೆಯನ್ನು ಕೊರೆದು, ಅಲ್ಲಿ ಒಸರುವ ಅಂಟನ್ನು ನೆಕ್ಕಿ ಜೀವಿಸುತ್ತದೆಂಬುದನ್ನು ಬ್ರೆಜಿಲಿನ ಅಡೆಲ್ಮಾರ್ ಕೊಯಿಂಬ್ರಾ-ಫಿಲ್ಯೊ ಅವರು ರಸೆಲ್ ಮಿಟರ್‌ಮೈಯರ್ ಅವರೊಡನೆ 1976ರಲ್ಲಿ ವಿದ್ವಲ್ಲೋಕದ ಮುಂದಿಟ್ಟರು. ಒಳಬದಿಯಲ್ಲಿ ಎನಾಮಲ್ ಇಲ್ಲದ ಆ ಹಲ್ಲುಗಳ ಅಂಚು ಬಡಗಿಯ ಉಳಿಯಂತೆ ಹರಿತವಾಗಿರುವುದರ ಮರ್ಮವೂ ಆಗ ತಿಳಿಯಿತು. ಆದರೆ ಅಂಟನ್ನು ನೆಕ್ಕುವುದು ಬೇರೆ, ಅರಗಿಸಿಕೊಳ್ಳುವುದು ಬೇರೆ. ಹಣ್ಣಿನ ಸಕ್ಕರೆಯೂ ಕೀಟದ ಮಾಂಸವೂ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತಗತವಾಗುವುವು. ಜೀರ್ಣರಸಗಳಿಗೆ ಜಗ್ಗದ ಅಂಟಾದರೋ ಮುಂದೆ ಸಾಗಿ, ದೊಡ್ಡ ಕರುಳು ಮೊದಲಾಗುವೆಡೆಯಲ್ಲಿ ಈ ಪ್ರಾಣಿಗೆ ವಿಶೇಷವಾಗಿ ಬೆಳೆದಿರುವ ಚೀಲದೊಳಗೆ ತಂಗಿ, ಅಲ್ಲಿ ನೆಲೆಸಿದ ಸೂಕ್ಷ್ಮಾಣುಗಳಿಂದ ಹುದುಗಿ, ಲಘುವಾದ ಆಮ್ಲಗಳಾಗಿ ಪರಿಣಮಿಸಿ ದೇಹಕ್ಕೆ ಶಕ್ತಿಯನ್ನೀಯುತ್ತದೆ. ಇಲ್ಲಿ ಇನ್ನೊಂದು ಸೊಗಸನ್ನೂ ಹೇಳಬೇಕು: ಕೀಟಗಳಲ್ಲಿ ರಂಜಕವು ಅಧಿಕ, ಕ್ಯಾಲ್ಸಿಯಂ ಅತ್ಯಲ್ಪ, ಅಂಟಿನಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿರುವುದರಿಂದ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಶತಮಾನಗಳ ಕಾಲ ಒಡೆಯರು ಅಕ್ಕರೆಯಿಂದಲೇ ಕೊಟ್ಟ ಹಣ್ಣಿನ ತಟ್ಟೆಯಲ್ಲಿ ಇಲ್ಲದಿದ್ದುದು ಇದೇ.

ಇಂದು ಅನೇಕ ಮೃಗಾಲಯಗಳು ಕೊಂಬೆಗಳಲ್ಲಿ ರಂಧ್ರ ಕೊರೆದು, ಅದರಲ್ಲಿ ಅಕೇಶಿಯಾ ಮರದ ಗೋಂದನ್ನು ತುಂಬಿ ಇವುಗಳ ಮುಂದಿಡುತ್ತವೆ. ಆದರೆ ಇವುಗಳನ್ನು ಮನೆಯಲ್ಲಿ ಸಾಕುವ ಆಸೆ ಇನ್ನೂ ಅಳಿದಿಲ್ಲ: ಕಳ್ಳಸಾಗಣೆಯಲ್ಲಿ ಬಂದ ಮಾರ್ಮೊಸೆಟ್ಟುಗಳು ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಸಿಕ್ಕಿಬೀಳುತ್ತಿವೆ. ಯಾರಾದರೂ ಮಾರಲು ಬಂದರೆ ಓದುಗರು ಕೊಳ್ಳದಿರಲೆಂದು ಕೈಮುಗಿದು ಬೇಡುತ್ತೇನೆ.