ವರ್ಣತಂತು ಪುನರ್ವಿನ್ಯಾಸ

ವರ್ಣತಂತುವಿನ ತುಣುಕುಗಳು ಮುರಿದು, ತಿರುಗಿ, ಸ್ಥಳಾಂತರಗೊಂಡು ಅಥವಾ ಎರಡು ವರ್ಣತಂತುಗಳು ಬೆಸೆದು ಜೀನೋಮಿನ ರಚನೆ ಬದಲಾಗುವ ಕ್ರಿಯೆ. ಡಿಎನ್‌ಎ ಎಳೆ ತುಂಡಾಗಿ ತಪ್ಪಾಗಿ ಜೋಡಣೆಯಾಗುವುದು ಇದಕ್ಕೆ ಮುಖ್ಯ ಕಾರಣ. ವಿಲೋಮ, ಸ್ಥಾನಾಂತರ, ಲೋಪ, ದ್ವಿಗುಣನ, ವಿಲೀನ ಇದರ ಬಗೆಗಳು.

ಕರ್ನಾಟಕದಲ್ಲಿ ಇದರ ಹೆಸರಾಂತ ಅಧ್ಯಯನ ನಡೆದದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಹಣ್ಣಿನ ನೊಣಗಳ ಮೇಲೆ. ಕೊಡಗಿನ ಡ್ರೊಸೊಫಿಲಾ ನಸುಟಾದಲ್ಲಿ 8 ವರ್ಣತಂತುಗಳಿವೆ. ಥಾಯ್ಲೆಂಡಿನ ಡ್ರೊಸೊಫಿಲಾ ಅಲ್ಬೊಮಿಕನ್ಸ್‌ನಲ್ಲಿ 6. ಎರಡನೆಯದರಲ್ಲಿ ಮೂರನೇ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್ ಮತ್ತು ವೈಗೆ ಬೆಸೆದುಕೊಂಡಿದೆ. ಮರಿಹುಳದ ಮಿದುಳಿನ ಅಂಗಾಂಶಕ್ಕೆ ಬಣ್ಣ ಹಾಕಿ, ಗಾಜಿನ ಫಲಕದ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ವ್ಯತ್ಯಾಸ ಎಣಿಕೆಗೇ ಸಿಗುತ್ತದೆ.

ಇಷ್ಟು ಬೇರೆಯಾಗಿದ್ದರೂ ಇವೆರಡೂ ಕೂಡಿ ಫಲವತ್ತಾದ ಸಂತತಿ ನೀಡುತ್ತವೆ. ವಿಷಯದ ಸ್ವಾರಸ್ಯವೂ ಇಲ್ಲೇ. ಅದೇ ವಿಶ್ವವಿದ್ಯಾಲಯದ ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಈ ಮಿಶ್ರತಳಿಗಳನ್ನು ತಲೆಮಾರುಗಟ್ಟಲೆ ಸಾಕಿ, ಪ್ರಯೋಗಾಲಯದಲ್ಲೇ ಹೊಸ ವರ್ಣತಂತು ಸಂಯೋಜನೆಯ ತಳಿಗಳು ನೆಲೆಗೊಳ್ಳುವುದನ್ನು 1980ರ ದಶಕದಲ್ಲಿ ದಾಖಲಿಸಿದರು. ಅವುಗಳಿಗೆ ‘ಸೈಟೋರೇಸ್’ ಎಂದು ಹೆಸರು.

ನಿಸರ್ಗದಲ್ಲಿ ವಿಲೀನದ ಪರಾಕಾಷ್ಠೆ ಪಶ್ಚಿಮಘಟ್ಟದಲ್ಲೂ ಇರುವ ಕಾಡುಕುರಿ (ಮುಂಟ್ಜಾಕ್ ಜಿಂಕೆ): ಹೆಣ್ಣಿಗೆ 6, ಗಂಡಿಗೆ 7 ವರ್ಣತಂತು. ಅದರ ಹತ್ತಿರದ ಸಂಬಂಧಿ, ಚೀನಾದ ರೀವ್ಸ್ ಮುಂಟ್ಜಾಕ್‌ಗೆ 46.